ಅಪೊಲೊ ಬಂದರಿನಲ್ಲಿ ಒಂದು ರಾತ್ರಿ: ಉಡುಪಿಯಿಂದ ಹೊರಟು ಮುಂಬೈಯ ತಾಜ್‌ನಲ್ಲಿ ತಂಗುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಉಡುಪಿ ಕಡೆ ಹೋಟೆಲ್ ಅಂದ್ರೆ ತಿಂಡಿ ತಿನ್ನುವ ಜಾಗ. ರಾತ್ರಿ ಉಳಿಯೋದಾದ್ರೆ ಅದು ಲಾಡ್ಜ್. ನನ್ನ ಅಪ್ಪನೂ ಅಂಥ ಹೋಟೆಲಿನವರೇ. 1970ರ ದಶಕದಲ್ಲಿ, ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಹೋಗಿ ಫೋರ್ಟ್‌ನ ಒಂದು ಚಿಕ್ಕ ಹೋಟೆಲಿನಲ್ಲಿ ಟೇಬಲ್ ಒರೆಸಿದವರು. ವಾರದ ರಜೆ ಸಿಕ್ಕಿದಾಗ ಗೆಳೆಯರ ಜೊತೆ ಗೇಟ್‌ವೇ ಆಫ್ ಇಂಡಿಯಾ ತನಕ ನಡೆದು, ಸಮುದ್ರದ ಕಟ್ಟೆ ಮೇಲೆ ಕೂತು ನೆಲಗಡಲೆ ತಿಂದು ಬರೋದು. ಬೆನ್ನ ಹಿಂದೆ ತಾಜ್ ಮಹಲ್ ಪ್ಯಾಲೇಸ್. "ಆ ಕಿಟಕಿಯಿಂದ ನೋಡಿದ್ರೆ ಸಮುದ್ರ ಹೇಗೆ ಕಾಣ್ತದೋ" ಅಂತ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದುಂಟು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಒಂದು ಫೆಬ್ರವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿ ಆ ಕಿಟಕಿಯ ಹತ್ತಿರ ಕೂರಿಸಿದೆ.

ಹೋಗಿ ಬಂದ ಮೇಲೆ ಮಂಗಳೂರು, ಉಡುಪಿಯ ನೆಂಟರು, ಗೆಳೆಯರು ಒಬ್ಬೊಬ್ಬರಾಗಿ ಕೇಳಿದರು. ಮದುವೆಯಾಗಿ 25 ವರ್ಷವಾದವರು, ಅಪ್ಪ-ಅಮ್ಮನಿಗೆ ಒಂದು ಸಂತೋಷ ಕೊಡಬೇಕು ಅಂದುಕೊಂಡವರು. ಎಲ್ಲರ ಪ್ರಶ್ನೆಯೂ ಒಂದೇ: ಅಷ್ಟು ದುಡ್ಡು ಕೊಟ್ಟರೆ ಅದಕ್ಕೆ ತಕ್ಕದ್ದು ಸಿಗುತ್ತದಾ? ನನ್ನ ಉತ್ತರ ಹೀಗೆ. ಒಂದೇ ರಾತ್ರಿ ಸಾಕು, ಆದರೆ ಆ ರಾತ್ರಿಯನ್ನು ಪೂರ್ತಿ ಅಲ್ಲೇ ಕಳೆಯಬೇಕು. ಕೋಣೆ ಕೈಗೆ ಬರುವುದು ಮಧ್ಯಾಹ್ನ 2ಕ್ಕೆ, ಬಿಡಬೇಕಾದದ್ದು ಮರುದಿನ 12ಕ್ಕೆ. ಅಂದರೆ 22 ಗಂಟೆ. ಆ 22 ಗಂಟೆಗಾಗಿ ಏನೇನು ಮಾಡಬೇಕು ಅನ್ನೋದನ್ನು ಒಂದೊಂದಾಗಿ ಬರೆದಿದ್ದೇನೆ.

ಮೊದಲು ಕಟ್ಟಡದ ಬಗ್ಗೆ ಸ್ವಲ್ಪ ತಿಳಿದುಕೊಳ್ಳಿ

ಇದನ್ನು ಮನೆಯಲ್ಲೇ ಮುಗಿಸಿ. ಕಥೆ ಗೊತ್ತಿಲ್ಲದೆ ಹೋದರೆ ಅದು ಬರೀ ದುಬಾರಿ ಕೋಣೆ.

ತಾಜ್ ತೆರೆದದ್ದು 1903ರ ಡಿಸೆಂಬರ್ 16ರಂದು. ಕಟ್ಟಿಸಿದವರು ಜಮ್‌ಸೆಟ್‌ಜಿ ಟಾಟಾ. ಅದು ಪ್ಲೇಗ್‌ನಿಂದ ಮುಂಬೈ ನಲುಗಿದ್ದ ಕಾಲ. ಮೊದಲ ದಿನ ಬಂದ ಅತಿಥಿಗಳು 17 ಮಂದಿ. ಕಟ್ಟಡದ ನಕ್ಷೆ ಮಾಡಿದವರು ಸೀತಾರಾಂ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ಕೆಲಸ ಪೂರ್ತಿ ಮಾಡಿದವರು ಡಬ್ಲ್ಯೂ. ಎ. ಚೇಂಬರ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್. ಹೋಟೆಲ್ ತೆರೆದು ಅರ್ಧ ವರ್ಷವೂ ಆಗುವ ಮೊದಲೇ, 1904ರ ಮೇ ತಿಂಗಳಲ್ಲಿ ಜಮ್‌ಸೆಟ್‌ಜಿ ಜರ್ಮನಿಯಲ್ಲಿ ತೀರಿಕೊಂಡರು.

ಎದುರಿನ ಗೇಟ್‌ವೇ ಆಫ್ ಇಂಡಿಯಾ ಹಳೆಯದು, ತಾಜ್ ಆಮೇಲೆ ಬಂದದ್ದು ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಐದನೇ ಜಾರ್ಜ್ ದೊರೆ 1911ರಲ್ಲಿ ಬಂದು ಇಳಿದದ್ದರ ನೆನಪಿಗೆ ಗೇಟ್‌ವೇ ಕಟ್ಟಲು 1913ರಲ್ಲಿ ಅಡಿಗಲ್ಲು ಹಾಕಿದರು. ಜನರಿಗೆ ತೆರೆದದ್ದು 1924ರಲ್ಲಿ. ಅಂದರೆ ಗೇಟ್‌ವೇಗಿಂತ ತಾಜ್ 21 ವರ್ಷ ಹಿರಿಯದು. ಆವಾಗ ಹಡಗಿನಲ್ಲಿ ಬರುವವರಿಗೆ ದೂರದಿಂದ ಕಾಣುತ್ತಿದ್ದದ್ದು ತಾಜ್‌ನ ಗುಮ್ಮಟ. ನಮ್ಮ ಮಲ್ಪೆಯ ದೋಣಿಯವರಿಗೆ ಕಾಪುವಿನ ದೀಪಸ್ತಂಭ ಹೇಗೋ ಹಾಗೆ, ಅಲ್ವಾ?

ಎರಡು ಕಥೆ ಕೇಳಿಯೇ ಕೇಳುತ್ತೀರಿ. ಭಾರತೀಯರು ಅಂತ ವಾಟ್ಸನ್ಸ್ ಹೋಟೆಲಿನಲ್ಲಿ ಜಮ್‌ಸೆಟ್‌ಜಿಯವರನ್ನು ಒಳಗೆ ಬಿಡಲಿಲ್ಲ, ಅದೇ ಸಿಟ್ಟಿಗೆ ತಾಜ್ ಕಟ್ಟಿದರು ಅನ್ನೋದು ಒಂದು. ಇದಕ್ಕೆ ಗಟ್ಟಿ ಆಧಾರವಿಲ್ಲ. ಕಟ್ಟಡವನ್ನು ಹಿಂದು ಮುಂದಾಗಿ ಕಟ್ಟಿಬಿಟ್ಟರು, ಅದನ್ನು ನೋಡಿ ವಾಸ್ತುಶಿಲ್ಪಿ ಪ್ರಾಣ ಕಳೆದುಕೊಂಡ ಅನ್ನೋದು ಇನ್ನೊಂದು. ಇದಂತೂ ಸುಳ್ಳು. ಹಳೆಯ ಬಾಗಿಲು ಬೇಕೆಂದೇ ಊರಿನ ಕಡೆಗಿತ್ತು. ಗಾಡಿಗಳು ಬಂದು ನಿಲ್ಲುತ್ತಿದ್ದ ಆ ಜಾಗದಲ್ಲಿ ಈಗ ಈಜುಕೊಳವಿದೆ.

2008ರ ನವೆಂಬರ್ 26 ನಿಮಗೆ ನೆನಪಿರುತ್ತದೆ. ದಾಳಿಯ ನಂತರ ಒಂದು ಭಾಗ ಅದೇ ಡಿಸೆಂಬರ್ 21ಕ್ಕೆ ತೆರೆಯಿತು. ಸುಟ್ಟುಹೋದ ಹಳೆ ಕಟ್ಟಡ ರಿಪೇರಿಯಾಗಿ ಪೂರ್ತಿ ತೆರೆದದ್ದು 2010ರ ಆಗಸ್ಟ್ 15ರಂದು. ಆ ರಾತ್ರಿ ಅತಿಥಿಗಳನ್ನು ಉಳಿಸಲು ಹೋಗಿ ಅಡುಗೆಯವರು, ಸಿಬ್ಬಂದಿ ಹಲವರು ಪ್ರಾಣ ಕೊಟ್ಟರು. ಸತ್ತವರ ಹೆಸರು ಕೆತ್ತಿದ ಸ್ಮಾರಕ ಒಳಗಿದೆ. ಹೋದವರು ಅದರ ಮುಂದೆ ಒಂದು ನಿಮಿಷ ನಿಂತು ಬರಬೇಕು ಅನ್ನೋದು ನನ್ನ ಆಸೆ.

ಕೋಣೆ ಆರಿಸುವುದು

ಜನ ಜಾಸ್ತಿ ಎಡವುವುದು ಇಲ್ಲೇ. ತಾಜ್ ಅಂದರೆ ಎರಡು ಕಟ್ಟಡ. ಒಂದು 1903ರ ಪ್ಯಾಲೇಸ್ ವಿಂಗ್. ಕಮಾನು, ಗುಮ್ಮಟ, ದೊಡ್ಡ ಮೆಟ್ಟಿಲು ಇರುವುದು ಅದರಲ್ಲಿ. ಪಕ್ಕದಲ್ಲಿ ಎತ್ತರಕ್ಕೆ ನಿಂತಿರುವುದು 1970ರ ದಶಕದಲ್ಲಿ ಸೇರಿದ ಟವರ್ ವಿಂಗ್. ಎರಡರಲ್ಲೂ ಊರಿನ ಕಡೆಯ ಕೋಣೆ, ಸಮುದ್ರದ ಕಡೆಯ ಕೋಣೆ ಅಂತ ಬೇರೆ ಬೇರೆ ಇರುತ್ತವೆ. ಒಟ್ಟು ನಾಲ್ಕು ಬಗೆ ಅಂತ ಇಟ್ಟುಕೊಳ್ಳಿ.

ಮೊದಲ ಸಲ ನಾನು ಒಂದು ಬುಕಿಂಗ್ ಆ್ಯಪ್‌ನಲ್ಲಿ ಹೋಟೆಲಿನ ಹೆಸರು, ಗುಮ್ಮಟದ ಫೋಟೋ ನೋಡಿ ದುಡ್ಡು ಕಟ್ಟಿದೆ. ಕೋಣೆ ಟವರ್‌ನದ್ದು, ಅದೂ ಊರಿನ ಕಡೆಯದ್ದು ಅಂತ ಗೊತ್ತಾದದ್ದು ರಸೀದಿ ಬಂದ ಮೇಲೆ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರದ ಬಗೆಯ ಬುಕಿಂಗ್ ಅದು. ಬದಲಾಯಿಸಿಕೊಳ್ಳಲು ಹತ್ತು ದಿನ ಓಡಾಡಿ, ಕೊನೆಗೆ ಮೇಲೆ ಅಷ್ಟಿಷ್ಟು ಕಟ್ಟಬೇಕಾಯಿತು. ಹಾಗಾಗಿ ಹೇಳುತ್ತೇನೆ, ಬುಕ್ ಮಾಡುವ ಮೊದಲು ಎರಡು ಮಾತು ಕಣ್ಣಾರೆ ಓದಿ: "ಪ್ಯಾಲೇಸ್ ವಿಂಗ್" ಮತ್ತು "ಸೀ ವ್ಯೂ". ಎರಡೂ ಇದ್ದರೆ ಮಾತ್ರ ಮುಂದೆ ಹೋಗಿ.

ದುಡ್ಡಿನ ಲೆಕ್ಕದಲ್ಲಿ ಎರಡರಲ್ಲಿ ಒಂದನ್ನು ಬಿಡಲೇಬೇಕು ಅಂತಾದರೆ? ನಾನಾದರೆ ಸಮುದ್ರವನ್ನು ಇಟ್ಟುಕೊಂಡು ಪ್ಯಾಲೇಸ್ ಬಿಡುತ್ತೇನೆ. ಟವರ್‌ನಲ್ಲಿ ಇದ್ದವರೂ ಹಳೆ ಕಟ್ಟಡದ ಮೆಟ್ಟಿಲು, ಮೊಗಸಾಲೆ ಎಲ್ಲ ಸುತ್ತಬಹುದು. ಊರಿನ ಕಡೆಯ ಕೋಣೆಯಲ್ಲಿ ಕೂತವರಿಗೆ ಬೆಳಗಿನ ಸಮುದ್ರ ಸಿಗುವುದಿಲ್ಲ. ಎರಡು ರಾತ್ರಿ ಊರಿನ ಕಡೆಯ ಕೋಣೆಗಿಂತ ಒಂದು ರಾತ್ರಿ ಸಮುದ್ರದ ಕಡೆಯ ಕೋಣೆ ಮೇಲು.

ಯಾವಾಗ ಹೋಗಬೇಕು

ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಹವೆ ಚೆನ್ನಾಗಿರುತ್ತದೆ. ಆದರೆ ಕ್ರಿಸ್ಮಸ್‌ನಿಂದ ಹೊಸ ವರ್ಷದ ತನಕ ಬಾಡಿಗೆ ಆಕಾಶಕ್ಕೆ ಹೋಗುತ್ತದೆ, ಗೇಟ್‌ವೇ ಎದುರು ಕಾಲಿಡಲು ಜಾಗ ಇರುವುದಿಲ್ಲ. ಮದುವೆ ಮುಹೂರ್ತದ ಶನಿವಾರ-ಭಾನುವಾರವೂ ಹಾಗೇ. ಜನವರಿ ನಡು ದಾಟಿದ ಮೇಲೆ ವಾರದ ನಡುವಿನ ದಿನ ನೋಡಿ. ಮಳೆಗಾಲದಲ್ಲಿ ಬಾಡಿಗೆ ಇಳಿಯುತ್ತದೆ. ಮಳೆ ಬೀಳುವ ಬಂದರನ್ನು ಕಿಟಕಿಯಿಂದ ನೋಡುವುದೂ ಒಂದು ಚೆಂದ. ಆದರೆ ಆಗ ಗುಹೆಗಳಿರುವ ಎಲಿಫೆಂಟಾ ದ್ವೀಪಕ್ಕೆ ಹೋಗುವ ದೋಣಿ ನಂಬುವ ಹಾಗಿಲ್ಲ. ಕೊಂಕಣ ರೈಲಿಗೂ ಮಳೆಗಾಲದ ಪ್ರತ್ಯೇಕ ವೇಳಾಪಟ್ಟಿ ಇರುತ್ತದೆ.

ಖರ್ಚಿನ ಲೆಕ್ಕ

ಬಾಡಿಗೆ ದಿನದಿನಕ್ಕೆ ಏರಿಳಿಯುತ್ತದೆ, ವಿಮಾನದ ಟಿಕೆಟ್ ಇದ್ದ ಹಾಗೆ. ಅದಕ್ಕೆ ನಿಮ್ಮ ತಾರೀಕಿನ ಆಚೀಚೆ ಒಂದು ವಾರ ತೆರೆದು ನೋಡಿ. ಕಾಣುವ ಬಾಡಿಗೆಯೇ ಕೊನೆಯ ಲೆಕ್ಕ ಅಂದುಕೊಳ್ಳಬೇಡಿ. ದಿನಕ್ಕೆ 7,500 ರೂಪಾಯಿಗಿಂತ ಮೇಲಿನ ಕೋಣೆಗೆ ಜಿಎಸ್‌ಟಿ ಶೇ 18. ಬಾಡಿಗೆ 20,000 ಅಂತಿದ್ದರೆ ತೆರಿಗೆ 3,600 ಸೇರಿ 23,600 ಆಗುತ್ತದೆ. ಇಂಥ ಹೋಟೆಲಿನೊಳಗಿನ ಊಟ ತಿಂಡಿಗೂ ಶೇ 18. ನಮ್ಮೂರ ಹೋಟೆಲಿನ ಶೇ 5ರ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಬೆಳಗಿನ ತಿಂಡಿ ಸೇರಿದ ದರವನ್ನೇ ತಗೊಳ್ಳಿ. ಬಿಟ್ಟು ತಗೊಂಡರೆ ಸ್ವಲ್ಪ ಕಡಿಮೆ ಕಾಣುತ್ತದೆ, ಆದರೆ ಅಲ್ಲಿ ಬೇರೆಯಾಗಿ ತಿಂದರೆ ಅದಕ್ಕಿಂತ ಜಾಸ್ತಿ ಕೊಡಬೇಕಾಗುತ್ತದೆ. ಒಂದು ಸಂಜೆ ಚಹಾ, ಒಂದು ಸರಳ ರಾತ್ರಿ ಊಟ, ಟ್ಯಾಕ್ಸಿ, ಭಕ್ಷೀಸು, ಇಷ್ಟನ್ನು ಬೇರೆ ಲಕೋಟೆಯಲ್ಲಿ ಇಟ್ಟುಬಿಡಿ. ನಾವು ಮಾಡಿದ್ದು ಹಾಗೆ. ಅಲ್ಲಿ ಕೂತು ಪ್ರತಿ ಸಲ ಮೆನುವಿನ ಬಲಗಡೆಯ ಸಂಖ್ಯೆ ನೋಡಿ ಅಮ್ಮ ಬೆಚ್ಚುವುದು ಬೇಡ ಅಂತ ಊರಲ್ಲೇ ಹೇಳಿದ್ದೆ: "ಅಮ್ಮ, ಈ ದುಡ್ಡು ಖರ್ಚಾಗಿ ಆಗಿದೆ ಅಂತ ತಿಳ್ಕೊಳ್ಳಿ."

ಬುಕ್ ಮಾಡುವುದು

ಹೋಟೆಲಿನ ಸ್ವಂತ ವೆಬ್‌ಸೈಟ್ ಅಥವಾ ಫೋನ್ ಮೂಲಕ ಮಾಡಿ. ಆ್ಯಪ್‌ನಲ್ಲಿ ನಾಲ್ಕು ಕಾಸು ಕಡಿಮೆ ಇದ್ದರೂ, ಏನಾದರೂ ಬದಲಾಯಿಸಬೇಕಾದಾಗ ನೇರ ಮಾತಾಡುವುದೇ ಸುಲಭ. ಕ್ಯಾನ್ಸಲ್ ಮಾಡಿದರೆ ದುಡ್ಡು ಬರುವ ದರ, ಬಾರದ ದರ ಎರಡೂ ಇರುತ್ತವೆ. ಮೊದಲನೆಯದನ್ನು ತಗೊಳ್ಳಿ. ಯಾಕೆಂದರೆ ನಮ್ಮ ಕಡೆಯಿಂದ ರೈಲಿನ ಟಿಕೆಟ್ ತೆರೆಯುವುದು 60 ದಿನ ಮೊದಲು. ಮತ್ಸ್ಯಗಂಧ ರೈಲಿನ ಸೀಟು ಎಷ್ಟು ಬೇಗ ತುಂಬುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾ? ಟಿಕೆಟ್ ಖಾತ್ರಿಯಾಗುವ ತನಕ ಕೋಣೆಯನ್ನು ಬಿಡಿಸಿಕೊಳ್ಳುವ ದಾರಿ ತೆರೆದಿರಲಿ.

ಬುಕಿಂಗ್ ಆದ ಮೇಲೆ ಒಂದು ಚಿಕ್ಕ ಇಮೇಲ್ ಬರೆಯಿರಿ. ಯಾಕೆ ಬರುತ್ತಿದ್ದೀರಿ, ಜೊತೆಗೆ ಯಾರು, ಅವರಿಗೆ ಮಂಡಿ ನೋವಿದೆಯಾ, ಸ್ನಾನಕ್ಕೆ ಟಬ್ ಹತ್ತುವುದು ಕಷ್ಟವಾ, ಊಟದಲ್ಲಿ ಈರುಳ್ಳಿ-ಬೆಳ್ಳುಳ್ಳಿ ಬಿಡುತ್ತಾರಾ ಅನ್ನೋದನ್ನು ಸರಳವಾಗಿ ತಿಳಿಸಿ. ನಾನು ಅಪ್ಪನ ಕಟ್ಟೆಯ ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆದು, ಗೇಟ್‌ವೇ ಕಾಣುವ ಕೋಣೆ ಇದ್ದರೆ ಕೊಡಿ ಅಂತ ಕೇಳಿದ್ದೆ. ಸಿಕ್ಕಿತು. ಎಲ್ಲರಿಗೂ ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ. ಆದರೆ ಕೇಳದೆ ಇರಬೇಡಿ.

ಕ್ರೆಡಿಟ್ ಕಾರ್ಡ್ ಇದ್ದರೆ ಜೊತೆಗಿರಲಿ. ಒಳಗೆ ಹೋಗುವಾಗ ಮುಂಗಡ ಅಂತ ಒಂದಿಷ್ಟು ಮೊತ್ತವನ್ನು ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡಿನಲ್ಲಾದರೆ ಆ ದುಡ್ಡು ಖಾತೆಗೆ ವಾಪಸ್ ಬರಲು ಕೆಲವು ದಿನ ಹಿಡಿಯಬಹುದು.

ಊರಿನಿಂದ ಹೊರಡುವುದು

ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಟು ಉಡುಪಿ, ಕುಂದಾಪುರ ದಾಟುವ ಮತ್ಸ್ಯಗಂಧ ಮರುದಿನ ಬೆಳಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಮುಟ್ಟುತ್ತದೆ. ಮಂಗಳೂರು ಜಂಕ್ಷನ್‌ನಿಂದ ಸಂಜೆ ಹೊರಡುವ ಇನ್ನೊಂದು ಗಾಡಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ಗೆ ಹೋಗುತ್ತದೆ. ತಾಜ್‌ಗೆ ಹತ್ತಿರ ಅದೇ, ಅಲ್ಲಿಂದ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ಆದರೆ ಹೋಗುವ ಮೊದಲು ಆ ಗಾಡಿ ಕೊನೆಯ ನಿಲ್ದಾಣದ ತನಕ ಓಡುತ್ತಿದೆಯಾ, ಮೊದಲೇ ಸಿಗುವ ಠಾಣೆ ಊರಿನ ನಿಲ್ದಾಣದಲ್ಲೇ ನಿಲ್ಲುತ್ತಿದೆಯಾ ಅಂತ ನೋಡಿಕೊಳ್ಳಿ.

ಕುರ್ಲಾದಲ್ಲಿ ಇಳಿದವರು ಆಟೋ ಹುಡುಕಬೇಡಿ. ದಕ್ಷಿಣ ಮುಂಬೈಗೆ ಆಟೋ ಬಿಡುವುದೇ ಇಲ್ಲ. ಕಪ್ಪು-ಹಳದಿ ಟ್ಯಾಕ್ಸಿ ಅಥವಾ ಆ್ಯಪ್ ಟ್ಯಾಕ್ಸಿಯೇ ಗತಿ. ವಿಮಾನದಲ್ಲಿ ಬರುವವರಿಗೆ ಈಗ ಭೂಗತ ಮೆಟ್ರೋ ಇದೆ. 2025ರ ಅಕ್ಟೋಬರ್‌ನಿಂದ 3ನೇ ಮಾರ್ಗ ವಿಮಾನ ನಿಲ್ದಾಣದಿಂದ ಕಫ್ ಪರೇಡ್ ತನಕ ಓಡುತ್ತದೆ. ಹುತಾತ್ಮಾ ಚೌಕ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿದರಾಯಿತು. ಸಾಮಾನು ಜಾಸ್ತಿ ಇದ್ದು, ವಯಸ್ಸಾದವರು ಜೊತೆಗಿದ್ದರೆ ನೇರ ಟ್ಯಾಕ್ಸಿಯಲ್ಲೇ ಹೋಗಿ.

ಬಟ್ಟೆಯ ಬಗ್ಗೆ ತಲೆ ಕೆಡಿಸಿಕೊಂಡವರು ತುಂಬ ಮಂದಿ. ಕೋಟು, ಬೂಟು ಬೇಕಿಲ್ಲ. ಶುಭ್ರವಾದ ಷರ್ಟು-ಪ್ಯಾಂಟು, ಹೆಂಗಸರಿಗೆ ಸೀರೆ ಅಥವಾ ಚೂಡಿದಾರ, ಧಾರಾಳ ಆಯಿತು. ಹವಾಯಿ ಚಪ್ಪಲಿ, ಚಡ್ಡಿ ಮಾತ್ರ ಸಂಜೆ ಊಟದ ಹಾಲ್‌ಗೆ ಬೇಡ. ಅಮ್ಮ ತನ್ನ ಉಡುಪಿ ಕೈಮಗ್ಗದ ಸೀರೆ ಉಟ್ಟಿದ್ದರು. ಮೊಗಸಾಲೆಯಲ್ಲಿ ವಿದೇಶದ ಹೆಂಗಸೊಬ್ಬರು ನಿಲ್ಲಿಸಿ ಅದರ ಅಂಚು ಮುಟ್ಟಿ ನೋಡಿದರು.

ಗುರುತಿನ ಚೀಟಿ ಪ್ರತಿಯೊಬ್ಬ ದೊಡ್ಡವರದ್ದೂ ಬೇಕು. ಆಧಾರ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ, ಪಾಸ್‌ಪೋರ್ಟ್, ಯಾವುದಾದರೂ ಒಂದು. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇರುವುದಿಲ್ಲ, ಅದನ್ನು ನಂಬಿಕೊಂಡು ಹೋಗಬೇಡಿ.

ಒಳಗೆ ಕಾಲಿಡುವುದು

ಬಾಗಿಲಲ್ಲಿ ಸಾಮಾನು ಯಂತ್ರದೊಳಗೆ ಹೋಗುತ್ತದೆ, ನಿಮ್ಮನ್ನೂ ತಪಾಸಣೆ ಮಾಡುತ್ತಾರೆ. ವಿಮಾನ ನಿಲ್ದಾಣದಲ್ಲಿ ಇದ್ದ ಹಾಗೆ. 2008ರ ನಂತರ ಅದು ಇರಲೇಬೇಕಾದದ್ದು. ಬೇಸರ ಮಾಡಿಕೊಳ್ಳಬೇಡಿ.

ರೈಲಿನವರು ಬೆಳಗ್ಗೆಯೇ ಬಂದು ಮುಟ್ಟುತ್ತೀರಿ, ಕೋಣೆ ಸಿಗುವುದು 2ಕ್ಕೆ. ನಡುವಿನ ಹೊತ್ತಿಗೆ ಹೀಗೆ ಮಾಡಿ: ನೇರ ಹೋಟೆಲಿಗೆ ಹೋಗಿ, ಹೆಸರು ಬರೆಸಿ, ಸಾಮಾನು ಅಲ್ಲೇ ಬಿಡಿ. ಕೋಣೆ ಖಾಲಿ ಇದ್ದರೆ ಬೇಗ ಕೊಟ್ಟಾರು, ಕೇಳಿ ನೋಡಿ. ಇಲ್ಲದಿದ್ದರೆ ಮುಖ ತೊಳೆದು ಹತ್ತು ನಿಮಿಷ ನಡೆದರೆ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಗೇಟ್‌ವೇ ನಕ್ಷೆ ಮಾಡಿದ ಜಾರ್ಜ್ ವಿಟೆಟ್ ಅವರೇ ಇದನ್ನೂ ಮಾಡಿದ್ದು. ಅಲ್ಲಿ ಎರಡು ಮೂರು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳಬೇಕು. ಅಂಥ ಬಾಗಿಲ ಮುಂದೆ ನಾವು ಸುಮ್ನೆ ಕುಗ್ಗಿಬಿಡುತ್ತೇವೆ. ಅಮ್ಮ ಚಪ್ಪಲಿ ಹೊರಗೆ ಬಿಡಬೇಕಾ ಅಂತ ಕೇಳಿದರು. ಪೇಟ ಕಟ್ಟಿದ ಬಾಗಿಲಿನವರು ಕೈಮುಗಿದಾಗ ಅಮ್ಮನೂ ನಿಂತು ಅಷ್ಟೇ ಬಾಗಿ ಕೈಮುಗಿದರು. ಅದೇ ಸರಿಯಾದ ರೀತಿ. ಇಂಗ್ಲಿಷ್ ಬರದಿದ್ದರೆ ಹಿಂದಿ, ಅದೂ ಬರದಿದ್ದರೆ ನಿಧಾನವಾಗಿ ಬಂದಷ್ಟು. ಮುಂಬೈಯ ಹೋಟೆಲುಗಳಲ್ಲಿ ನಮ್ಮ ಊರಿನವರು ಇಲ್ಲದೆ ಇರುತ್ತಾರಾ? ಸಾಮಾನು ತಂದ ಹುಡುಗ ನಮ್ಮ ಮಾತು ಕೇಳಿಸಿಕೊಂಡು, "ಊರು ಓಲು, ಅಮ್ಮಾ?" (ಊರೆಲ್ಲಿ, ಅಮ್ಮಾ?) ಅಂತ ತುಳುವಿನಲ್ಲೇ ಕೇಳಿದ. ಅವನು ಬೆಳ್ಮಣ್ ಕಡೆಯವನು. ಆಮೇಲೆ ಅಮ್ಮನಿಗೆ ಅದು ತಾಜ್ ಅಂತ ಅನ್ನಿಸಲೇ ಇಲ್ಲ.

ಕೋಣೆಯೊಳಗೆ

ಮೊದಲ ಹತ್ತು ನಿಮಿಷ ಫೋಟೋ ತೆಗೆಯುವುದು ಬಿಟ್ಟು ಪರದೆ ಸರಿಸಿ ಕೂತುಬಿಡಿ. ಎದುರಿಗೆ ಗೇಟ್‌ವೇಯ ಹಳದಿ ಬಣ್ಣದ ಕಲ್ಲು, ಅದರ ಸುತ್ತ ಪಾರಿವಾಳ, ಆಚೆ ಸಾಲಾಗಿ ಕುಣಿಯುವ ಮರದ ದೋಣಿಗಳು, ಇನ್ನೂ ಆಚೆ ಲಂಗರು ಹಾಕಿದ ಹಡಗುಗಳು. 1948ರ ಫೆಬ್ರವರಿ 28ರಂದು ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಇದೇ ಕಮಾನಿನೊಳಗೆ ನಡೆದು ಹಡಗು ಹತ್ತಿ ಹೋಯಿತು. ಇದೇ ಕಿಟಕಿಗಳಿಂದ ಅದನ್ನು ನೋಡಿದವರು ಇದ್ದಿರಲೇಬೇಕು.

ಆಮೇಲೆ ಕೆಲಸದ ವಿಷಯ. ಮೇಜಿನ ಮೇಲಿಟ್ಟ ನೀರಿನ ಬಾಟಲಿ, ಚಹಾ-ಕಾಫಿ ಪುಡಿ ಬಾಡಿಗೆಯಲ್ಲೇ ಸೇರಿರುತ್ತವೆ. ಚಿಕ್ಕ ಫ್ರಿಜ್ಜಿನೊಳಗಿನ ತಂಪು ಪಾನೀಯ, ಚಾಕೊಲೇಟು, ಗೋಡಂಬಿಗೆ ಬೇರೆ ದುಡ್ಡು. ಯಾವುದು ಯಾವುದು ಅಂತ ಅನುಮಾನ ಬಂದರೆ ಫೋನ್ ಎತ್ತಿ ಕೇಳಿ. ಬಟ್ಟೆ ಒಗೆಯಲು ಕೊಡಬೇಡಿ, ಒಂದು ಷರ್ಟಿಗೆ ಕೊಡುವ ದುಡ್ಡಿಗೆ ಹೊಸ ಬನಿಯನ್ನೇ ಬರುತ್ತದೆ. ಎಸಿ ತುಂಬ ತಣ್ಣಗಿದ್ದರೆ ವಯಸ್ಸಾದವರಿಗೆ ರಾತ್ರಿ ಕಾಲು ಸೆಳೆತ ಬರುತ್ತದೆ, ಮೊದಲೇ 25ಕ್ಕೆ ಇಟ್ಟುಬಿಡಿ. ಬಚ್ಚಲಿನ ಬಿಸಿನೀರು ತಟ್ಟನೆ ಸುಡುವಷ್ಟು ಬರಬಹುದು. ಅಪ್ಪ-ಅಮ್ಮನಿಗೆ ನಲ್ಲಿ ತಿರುಗಿಸುವುದನ್ನು ಒಮ್ಮೆ ತೋರಿಸಿಕೊಡಿ.

ಮೇಜಿನಲ್ಲಿ ಹೋಟೆಲಿನ ಹೆಸರಿರುವ ಕಾಗದ, ಲಕೋಟೆ ಇರುತ್ತದೆ. ಅಮ್ಮ ಅದರಲ್ಲಿ ಕಾರ್ಕಳದ ಚಿಕ್ಕಮ್ಮನಿಗೆ ಒಂದು ಪತ್ರ ಬರೆದರು, ಎಷ್ಟೋ ವರ್ಷದ ಮೇಲೆ. ಕೆಳಗೆ ಕೌಂಟರಿನಲ್ಲಿ ಕೊಟ್ಟರೆ ಅಂಚೆಗೆ ಹಾಕಿಸುತ್ತಾರೆ.

ಸಂಜೆ: ಮೆಟ್ಟಿಲು, ಕಥೆ, ಚಹಾ

ತಂಗಿದವರಿಗಾಗಿ ಹೋಟೆಲಿನವರೇ ಕಟ್ಟಡ ಸುತ್ತಿಸಿ ಕಥೆ ಹೇಳುವ ಹೆರಿಟೇಜ್ ವಾಕ್ ಇದೆ. ಹೆಸರು ಬರೆಸುವಾಗಲೇ ಆ ದಿನದ ಸಮಯ ಕೇಳಿ ಸೇರಿಕೊಳ್ಳಿ. ಇದನ್ನು ಬಿಟ್ಟರೆ ಅರ್ಧ ತಾಜ್ ಬಿಟ್ಟ ಹಾಗೆ.

ಪ್ಯಾಲೇಸ್ ವಿಂಗ್‌ನ ನಡುವಿನ ದೊಡ್ಡ ಮೆಟ್ಟಿಲಿನ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಕೆಳಗೆ ಜಮ್‌ಸೆಟ್‌ಜಿಯವರ ಎದೆಮಟ್ಟದ ಮೂರ್ತಿ ಇದೆ. ಅಲ್ಲಿ ನಿಂತು ಕತ್ತೆತ್ತಿದರೆ ಮೆಟ್ಟಿಲಿನ ಸಾಲುಗಳು ಗೋಡೆಯಿಂದ ಹೊರಟು ಗಾಳಿಯಲ್ಲಿ ನಿಂತ ಹಾಗೆ, ಸುತ್ತ ಕಬ್ಬಿಣದ ಹಿಡಿಕಂಬಿಯ ಹೂಬಳ್ಳಿ, ಎಲ್ಲಕ್ಕೂ ಮೇಲೆ ಗುಮ್ಮಟದ ಒಳಮೈ. ಲಿಫ್ಟಿನಲ್ಲಿ ಹೋಗಿ ಇಳಿಯುವಾಗ ಮೆಟ್ಟಿಲಿನಲ್ಲಿ ಇಳಿಯಿರಿ. ಮಂಡಿ ನೋವಿದ್ದವರೂ ಒಂದು ಅಂತಸ್ತಾದರೂ ಇಳಿಯಲಿ. ಹಿಡಿಕಂಬಿ ಮುಟ್ಟಿದರೆ ನೂರು ವರ್ಷದ ಕೈಗಳು ತಿಕ್ಕಿ ತಿಕ್ಕಿ ಬಂದ ನುಣುಪು ಬೆರಳಿಗೆ ತಿಳಿಯುತ್ತದೆ. ಈ ಕಟ್ಟಡ ಮೊದಲ ಮಹಾಯುದ್ಧದ ಕಾಲದಲ್ಲಿ 600 ಹಾಸಿಗೆಯ ಆಸ್ಪತ್ರೆಯಾಗಿತ್ತು. ಗಾಯಗೊಂಡವರು ಇದೇ ಮೆಟ್ಟಿಲಿನ ಸುತ್ತ ಮಲಗಿದ್ದರು ಅಂತ ನೆನೆಸಿಕೊಂಡಾಗ ಅಮ್ಮ ಮಾತಿಲ್ಲದೆ ನಿಂತರು.

ಚಹಾಕ್ಕೆ ಮೊದಲ ಅಂತಸ್ತಿನ ಸೀ ಲೌಂಜ್. ಕಿಟಕಿ ಪಕ್ಕದ ಮೇಜಿಗೆ ಯಾವಾಗಲೂ ಬೇಡಿಕೆ, ಅದಕ್ಕೆ ಮೊದಲೇ ಹೇಳಿಡಬೇಕು. ಪಾರ್ಸಿ, ಗುಜರಾತಿ ಮನೆತನದವರು ತಲೆಮಾರುಗಳಿಂದ ಇಲ್ಲಿ ಕೂತೇ ಹುಡುಗ-ಹುಡುಗಿ ನೋಡುವ ಶಾಸ್ತ್ರ ಮುಗಿಸಿದ್ದಾರೆ. ಚಹಾ, ಅದರ ಜೊತೆಗಿನ ತಿಂಡಿಗಳ ಪೂರ್ತಿ ಸಾಲು ತಗೊಂಡರೆ ತಲೆಗೆ ಸಾವಿರಗಳ ಲೆಕ್ಕ. ಇಬ್ಬರು ಸೇರಿ ಒಂದು ಭೇಲ್‌ಪುರಿ, ಎರಡು ಚಹಾ ಅಂತ ಹೇಳಿದರೂ ಯಾರೂ ಮುಖ ಸಿಂಡರಿಸುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಮದ್ಯದ ಅಭ್ಯಾಸವಿರುವವರಿಗೆ ಕೆಳಗೆ 1933ರ ಹಾರ್ಬರ್ ಬಾರ್ ಇದೆ. ಮುಂಬೈಯ ಮೊದಲ ಬಾರ್ ಲೈಸೆನ್ಸ್ ಅದರದ್ದು ಅಂತ ಹೆಸರು.

ಕತ್ತಲಾಗುವ ಹೊತ್ತಿಗೆ ಹೊರಗೆ ಬಂದು, ಎದುರಿನ ಸಮುದ್ರದ ಕಟ್ಟೆಯ ಉದ್ದಕ್ಕೂ ಒಮ್ಮೆ ನಡೆದು ಬನ್ನಿ. ಕಟ್ಟಡಕ್ಕೆ ದೀಪ ಹತ್ತುವುದನ್ನು ಹೊರಗಿನಿಂದಲೇ ನೋಡಬೇಕು. ಅಪ್ಪ ಕೂರುತ್ತಿದ್ದ ಕಟ್ಟೆ ಯಾವ ತುದಿಯದ್ದೋ ನಮಗೆ ಗೊತ್ತಿಲ್ಲ. ಒಂದು ಕಡೆ ಕೂತೆವು. ಅಮ್ಮ ಹತ್ತು ರೂಪಾಯಿಯ ನೆಲಗಡಲೆ ತಗೊಂಡು ಅರ್ಧ ಪೊಟ್ಟಣ ಬಿಚ್ಚದೆ ಸೆರಗಿನಲ್ಲಿ ಕಟ್ಟಿಕೊಂಡರು.

ರಾತ್ರಿ ಊಟ ಒಳಗೇ ಆಗಬೇಕು ಅಂತಿಲ್ಲ. ಕೊಲಾಬಾ ಕಾಸ್‌ವೇಯಲ್ಲಿ ಎಲ್ಲ ಬಗೆಯ ಊಟವೂ ಸಿಗುತ್ತದೆ. ಆದರೆ ಬೇಗ ಮುಗಿಸಿ ಮಲಗಿ. ಬೆಳಗ್ಗೆ ಏಳಬೇಕು.

ಬೆಳಗ್ಗೆ: ಇದಕ್ಕಾಗಿಯೇ ಬಂದದ್ದು

ನಾವು ಕರಾವಳಿಯವರು ಸಮುದ್ರದ ಮೇಲೆ ಸೂರ್ಯ ಮುಳುಗುವುದನ್ನು ನೋಡಿ ಬೆಳೆದವರು. ಮಲ್ಪೆಯಲ್ಲಿ, ಪಣಂಬೂರಿನಲ್ಲಿ, ಕಾಪುವಿನಲ್ಲಿ ನೀರು ಪಡುವಣಕ್ಕೆ. ಸೂರ್ಯ ಹುಟ್ಟುವುದು ನಮ್ಮ ಬೆನ್ನ ಹಿಂದೆ, ಘಟ್ಟದ ಮೇಲೆ. ತಾಜ್, ಗೇಟ್‌ವೇ ಇರುವ ಅಪೊಲೊ ಬಂದರ್ ಮುಂಬೈ ದ್ವೀಪದ ಮೂಡಣ ಮಗ್ಗುಲಲ್ಲಿದೆ. ಅಲ್ಲಿ ಸೂರ್ಯ ನೀರಿನ ಕಡೆಯಿಂದಲೇ ಹುಟ್ಟುತ್ತಾನೆ. ಅರಬ್ಬಿ ಸಮುದ್ರದ ಮಕ್ಕಳಿಗೆ ಇದು ಹೊಸ ಅನುಭವ.

ಜನವರಿ, ಫೆಬ್ರವರಿಯಲ್ಲಿ ಸೂರ್ಯ ಕಾಣುವುದು ಸುಮಾರು 7 ಗಂಟೆಯ ಹೊತ್ತಿಗೆ. ಬೇಸಿಗೆಯಲ್ಲಿ 6ಕ್ಕೇ. ಅದಕ್ಕಿಂತ ಮುಕ್ಕಾಲು ಗಂಟೆ ಮೊದಲು ಎದ್ದು, ಕೋಣೆಯ ದೀಪ ಹಚ್ಚದೆ ಪರದೆ ಸರಿಸಿ. ದೀಪ ಹಚ್ಚಿದರೆ ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಕೆಟಲ್‌ನಲ್ಲಿ ನೀರಿಟ್ಟು ಕುರ್ಚಿ ಎಳೆದುಕೊಳ್ಳಿ.

ಮೊದಲು ನೀರು, ಆಕಾಶ ಎರಡೂ ಒಂದೇ ಬೂದಿ ಬಣ್ಣ. ಹಡಗಿನ ದೀಪಗಳು ಮಾತ್ರ ಅಲ್ಲಲ್ಲಿ. ಆಮೇಲೆ ಗೇಟ್‌ವೇಯ ನಾಲ್ಕು ಮೂಲೆಯ ಗೋಪುರ ಕಪ್ಪಗೆ ಎದ್ದು ಕಾಣತೊಡಗುತ್ತದೆ. ದೋಣಿಯವನೊಬ್ಬ ಕೊಡದಲ್ಲಿ ನೀರೆತ್ತಿ ಹಲಗೆ ತೊಳೆಯುವುದು ಕಾಣುತ್ತದೆ, ಸದ್ದು ಕೇಳುವುದಿಲ್ಲ. ಆಚೆ ದಡದ ಗುಡ್ಡದ ಮಂಜಿನೊಳಗೆ ಕುಂಕುಮದ ಹಾಗೆ ಒಂದು ಚುಕ್ಕಿ. ಐದು ನಿಮಿಷದಲ್ಲಿ ಅದು ಮೇಲೆ ಬಂದು ನೀರಿನ ಮೇಲೆ ದಾರಿ ಹಾಸುತ್ತದೆ. ಆ ಬೆಳಕು ನೇರ ಕೋಣೆಯೊಳಗೆ, ಮಂಚದ ಮೇಲೆ, ಗೋಡೆಯ ಮೇಲೆ. ಅಮ್ಮ ಕೈಮುಗಿದು, "ನಿಮ್ಮ ಅಪ್ಪನಿಗೆ ಇಷ್ಟು ಹೊತ್ತಿಗೆ ಟೇಬಲ್ ಒರೆಸಿ ಆಗಿರ್ತಿತ್ತು ಮಗಾ" ಅಂದರು.

ಸೂರ್ಯ ಮೇಲೆ ಬಂದ ಮೇಲೆ ಕೆಳಗೆ ಇಳಿದು ಒಂದು ಸುತ್ತು ನಡೆಯಿರಿ. ಹಗಲಿನ ಜಾತ್ರೆ ಶುರುವಾಗುವ ಮೊದಲಿನ ಗೇಟ್‌ವೇ ಬೇರೆಯೇ. ತಿಂಡಿಗೆ 8ರ ಸುಮಾರಿಗೆ ಹೋದರೆ ಗಲಾಟೆ ಕಡಿಮೆ. ಇಡ್ಲಿ, ದೋಸೆ ಇರುತ್ತವೆ. ಆದರೆ ಅವನ್ನು ಉಡುಪಿಯಲ್ಲೇ ತಿನ್ನಬಹುದಲ್ವಾ? ಹಣ್ಣು, ಬಿಸಿ ಬ್ರೆಡ್ಡು, ಪಾರ್ಸಿ ಬಗೆಯ ಮೊಟ್ಟೆ, ನಿಮಗೆ ಹೊಸದು ಯಾವುದೋ ಅದನ್ನು ತಗೊಳ್ಳಿ.

ಎಲಿಫೆಂಟಾ ನೋಡಬೇಕು ಅನ್ನುವವರಿಗೆ ಒಂದು ಮಾತು. ಎದುರಿನ ದೋಣಿಗಟ್ಟೆಯಿಂದ ಹೋಗಲು ಸುಮಾರು ಒಂದು ಗಂಟೆ, ಬರಲು ಒಂದು ಗಂಟೆ, ಮೇಲೆ ಹತ್ತಲು ಮೆಟ್ಟಿಲು. ಸೋಮವಾರ ರಜೆ. ಗುಹೆಯ ತ್ರಿಮೂರ್ತಿ ನೋಡಲೇಬೇಕಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ 22 ಗಂಟೆಯೊಳಗೆ ಅದನ್ನು ತುರುಕಬೇಡಿ. ಇನ್ನೊಂದು ದಿನ ಉಳಿಯುವುದಾದರೆ, ಕೋಣೆ ಬಿಟ್ಟ ಮೇಲೆ ಬೇರೆ ಲಾಡ್ಜಿನಲ್ಲಿ ಇದ್ದುಕೊಂಡು ಹೋಗಿ ಬನ್ನಿ.

ಬಿಲ್ಲು, ಭಕ್ಷೀಸು, ವಾಪಸು

ರಾತ್ರಿಯೇ ಕೌಂಟರಿಗೆ ಹೇಳಿ ಬಿಲ್ಲಿನ ಪ್ರತಿ ತರಿಸಿಕೊಂಡರೆ ಬೆಳಗ್ಗೆ ಗಡಿಬಿಡಿ ಇರುವುದಿಲ್ಲ. ಪ್ರತಿ ಸಾಲೂ ಓದಿ. ಫ್ರಿಜ್ಜಿನಿಂದ ತೆಗೆಯದ ವಸ್ತು ಸೇರಿದೆಯಾ, ತಿಂಡಿ ಎರಡು ಸಲ ಬಂದಿದೆಯಾ ನೋಡಿ. ತಪ್ಪು ಕಂಡರೆ ಸಂಕೋಚ ಬೇಡ, ಮೆಲ್ಲಗೆ ಹೇಳಿದರೆ ತಿದ್ದುತ್ತಾರೆ. ಭಕ್ಷೀಸು ನಿಮ್ಮ ಇಷ್ಟ. ಸಾಮಾನು ತಂದವರಿಗೆ, ಕೋಣೆ ಚೊಕ್ಕ ಮಾಡಿದವರಿಗೆ ನಾವು ನೂರು-ಇನ್ನೂರು ಕೊಟ್ಟೆವು. ಕೋಣೆಯವರಿಗೆ ಕೊಡುವುದನ್ನು ದಿಂಬಿನ ಪಕ್ಕ ಒಂದು ಚೀಟಿ ಬರೆದು ಇಡಿ, ಇಲ್ಲದಿದ್ದರೆ ಮರೆತು ಹೋದ ದುಡ್ಡು ಅಂತ ಎತ್ತಿಡುತ್ತಾರೆ.

12ಕ್ಕೆ ಹೊರಟರೆ ಮತ್ಸ್ಯಗಂಧಕ್ಕೆ ಸರಿಯಾದ ಹೊತ್ತು. ಅದು ಕುರ್ಲಾ ಬಿಡುವುದು ಮಧ್ಯಾಹ್ನ 3 ದಾಟಿದ ಮೇಲೆ, ನಿಮ್ಮ ಟಿಕೆಟಿನಲ್ಲಿರುವ ಸಮಯ ಒಮ್ಮೆ ನೋಡಿಕೊಳ್ಳಿ. ದಾರಿಯಲ್ಲೇ ಮಾಟುಂಗಾ ಸಿಗುತ್ತದೆ. ಅಲ್ಲಿನ ಎ. ರಾಮ ನಾಯಕ್ ಅವರ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ನಡೆಯುತ್ತಿದೆ. ಬಾಳೆ ಎಲೆಯಲ್ಲಿ ಅನ್ನ, ಸಾರು, ಪಲ್ಯ, ಹಪ್ಪಳ. ಟ್ಯಾಕ್ಸಿಯವರಿಗೆ ಕಾಯಲು ಹೇಳಿ, ಇಲ್ಲವೇ ಸಾಮಾನು ಕಾಲ ಬುಡದಲ್ಲೇ ಇಟ್ಟುಕೊಂಡು ಉಣ್ಣಿ. ಒಂದೂವರೆ ಗಂಟೆ ಕೈಯಲ್ಲಿರಲಿ, ಸರದಿ ಇರುತ್ತದೆ. ರಾತ್ರಿಗೆ ಎರಡು ಪೊಟ್ಟಣ ಮೊಸರನ್ನ ಕಟ್ಟಿಸಿಕೊಂಡರೆ ರೈಲಿನಲ್ಲಿ ಬೇರೇನೂ ಕೊಳ್ಳಬೇಕಾಗಿಲ್ಲ. ಅಮ್ಮ ರತ್ನಾಗಿರಿ ದಾಟಿದ ಮೇಲೆ ಮೊಸರನ್ನ ಬಿಚ್ಚಿದರು, ಜೊತೆಗೆ ಸೆರಗಿನಲ್ಲಿದ್ದ ಆ ಅರ್ಧ ಪೊಟ್ಟಣ ನೆಲಗಡಲೆಯನ್ನೂ.